ಕಲ್ಲಿನ ಗೆರೆ, ನೀರಿನ ಗೆರೆ

ಭಾದ್ರಪದ ಬಹುಳ ಪಾಡ್ಯದ ದಿನ ನಮ್ಮೂರಿನ ಬಸದಿಯ ಅಂಗಳದಲ್ಲಿ ಪ್ರತಿವರ್ಷವೂ ಒಂದು ದೃಶ್ಯ ಕಾಣಸಿಗುತ್ತದೆ. ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ಹತ್ತು ದಿನ ನಡೆದ ದಶಲಕ್ಷಣ ಪರ್ವ ಮುಗಿದಿರುತ್ತದೆ. ಅನಂತ ಚತುರ್ದಶಿಯ ಉಪವಾಸದ ಬಳಲಿಕೆ ಇನ್ನೂ ಮುಖಗಳ ಮೇಲಿರುತ್ತದೆ. ಅಭಿಷೇಕ, ಪೂಜೆಗಳ ತರುವಾಯ ಜನರು ಒಬ್ಬರೆದುರು ಒಬ್ಬರು ನಿಂತು ಕೈಮುಗಿದು, ಅರಿತೋ ಅರಿಯದೆಯೋ ತಮ್ಮಿಂದ ಆದ ಅಪರಾಧಕ್ಕೆ ಕ್ಷಮೆ ಬೇಡುತ್ತಾರೆ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಹಿರಿಯರೂ ಕಿರಿಯರಿಗೆ ಕೈಮುಗಿಯುತ್ತಾರೆ. ಕ್ಷಮಾವಣಿಯ ಆ ಒಂದು ದಿನ ಊರಿನಲ್ಲಿ ಯಾರೂ ದೊಡ್ಡವರಲ್ಲ.

ಕಳೆದ ವರ್ಷ ಆ ದಿನದ ಸಂಜೆ ನಮ್ಮ ಮನೆಯ ಬಾಗಿಲಿಗೆ ನನ್ನ ಚಿಕ್ಕಪ್ಪ ಬಂದರು. ಬೆಳಗಾವಿ ಸೀಮೆಯ ನಮ್ಮ ಕಡೆ ಚಿಕ್ಕಪ್ಪನನ್ನು ಕಾಕಾ ಎನ್ನುವುದು ರೂಢಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಓಣಿ. ಆ ಓಣಿಯನ್ನು ದಾಟಲು ಅವರಿಗೆ 22 ವರ್ಷ ಹಿಡಿದಿತ್ತು.

ತಂದೆಯವರು ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದರು. ಎಂಬತ್ತು ದಾಟಿದ ಅವರನ್ನು ಕಳೆದ ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ ಆವರಿಸಿದೆ. ಮೊದಲು ನಿನ್ನೆಯದು ಹೋಯಿತು, ಆಮೇಲೆ ಹೋದ ವರ್ಷದ್ದು, ಆಮೇಲೆ ಮೊಮ್ಮಕ್ಕಳ ಹೆಸರು. ಕಾಕಾ ಅವರ ಕಾಲಿಗೆರಗಿ, ‘ಅಣ್ಣಾ, ತಪ್ಪಾತು’ ಎಂದರು. ತಂದೆಯವರು ಬಹಳ ಹೊತ್ತು ಅವರ ಮುಖವನ್ನೇ ನೋಡಿದರು. ‘ಯಾರು?’ ಎಂದರು. ಕಾಕಾ ಹೆಸರು ಹೇಳಿದರು. ಆ ಹೆಸರು ತಂದೆಯವರಲ್ಲಿ ಯಾವ ಬಾಗಿಲನ್ನೂ ತೆರೆಯಲಿಲ್ಲ. ಕಾಕಾ ಮತ್ತೆ ‘ತಪ್ಪಾತು’ ಎಂದಾಗ, ‘ಏನು ತಪ್ಪು?’ ಎಂದು ಮಗುವಿನಂತೆ ಕೇಳಿದರು. ಬಳಿಕ ಅಂಗಳದ ಬೆಳಕನ್ನು ನೋಡಿ, ‘ಹೊತ್ತು ಮುಳುಗಾಕ ಬಂತು, ಉಂಡು ಹೋಗು’ ಎಂದರು.

ಸೂರ್ಯಾಸ್ತದ ನಂತರ ಉಣ್ಣದ ವ್ರತವನ್ನು ಅವರು ಬಾಲ್ಯದಿಂದ ಪಾಲಿಸಿದವರು. ಎಲ್ಲವೂ ಮರೆತ ಮೇಲೂ ಅದು ಉಳಿದಿತ್ತು. ಕಾಕಾ ಉಂಡರು. ತಂದೆಯವರು ತಮ್ಮ ತಟ್ಟೆಯ ಹೋಳಿಗೆಯೊಂದನ್ನು ಅವರ ತಟ್ಟೆಗೆ ಹಾಕಿದರು. ಹೊರಡುವಾಗ ಕಾಕಾ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದ ಮಾತು ಇಷ್ಟು: ‘ಕ್ಷಮಾ ಮಾಡಬೇಕಾದವ ಹೋದ ಮ್ಯಾಲೆ ನಾ ಬಂದೆ.’

ಬಾವಿಯ ನೀರು ಮತ್ತು ನನ್ನ ಕುರ್ಚಿ

ಜಗಳ ಬಹಳ ದೊಡ್ಡದೇನೂ ಆಗಿರಲಿಲ್ಲ. ಅಣ್ಣ ತಮ್ಮಂದಿರು ಹೊಲವನ್ನು ಹಂಚಿಕೊಂಡಾಗ ಬಾವಿ ಮಾತ್ರ ಇಬ್ಬರಿಗೂ ಸೇರಿದ್ದಾಗಿ ಉಳಿಯಿತು. ದಿನ ಬಿಟ್ಟು ದಿನ ನೀರೆತ್ತುವ ಒಪ್ಪಂದವಾಗಿತ್ತು. ಒಂದು ಬೇಸಿಗೆಯಲ್ಲಿ ಕಬ್ಬು ಒಣಗುತ್ತಿದ್ದಾಗ ಒಬ್ಬರ ಸರದಿಯನ್ನು ಇನ್ನೊಬ್ಬರು ಬಳಸಿಕೊಂಡರು. ಮಾತಿಗೆ ಮಾತು ಬೆಳೆಯಿತು. ತೀರಿಹೋದ ತಾಯಿಯ ಹೆಸರೂ ಆ ಮಾತಿನಲ್ಲಿ ಬಂತು. ಅಲ್ಲಿಂದ ಮುಂದೆ ದಾವೆ, ತಾಲ್ಲೂಕು ನ್ಯಾಯಾಲಯ, ಮೇಲ್ಮನವಿ. ಬಾವಿಯ ನೀರು ಈಗ ತಳ ಸೇರಿದೆ. ಹೊಲಕ್ಕೆ ಕಾಲುವೆಯ ನೀರು ಬಂದು ಎಷ್ಟೋ ವರ್ಷವಾಯಿತು. ಆದರೂ ದಾವೆ ನಡೆದೇ ಇತ್ತು.

ಇಲ್ಲಿ ನನ್ನದೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಾಕಾ ಬಂದ ಸಂಜೆ ನಾನು ಕುರ್ಚಿಯಿಂದ ಏಳಲಿಲ್ಲ. ‘ಮೇಲ್ಮನವಿಯ ತೀರ್ಪು ಹತ್ತಿರ ಬಂದಿದೆ, ಅದಕ್ಕೇ ಬಂದಿರಬೇಕು’ ಎಂಬುದು ನನ್ನ ಮನಸ್ಸಿಗೆ ಬಂದ ಮೊದಲ ವಿಚಾರ. ಅವರ ಮಗಳ ಮದುವೆಗೆ ನಾವು ಹೋಗಿರಲಿಲ್ಲ, ನನ್ನ ತಾಯಿ ತೀರಿಕೊಂಡಾಗ ಅವರು ಬಂದಿರಲಿಲ್ಲ; ಇವೆಲ್ಲ ನನ್ನಲ್ಲಿ ದಿನಾಂಕ ಸಹಿತ ಜೋಡಿಸಿಟ್ಟಿದ್ದವು. ಜಗಳವಾಡಿದವರು ತಂದೆಯವರು, ಅವರು ಅದನ್ನು ಮರೆತಿದ್ದರು. ಆಡದ ನಾನು ಮರೆತಿರಲಿಲ್ಲ. ಹೊಲದ ಉತಾರದಲ್ಲಿ ನನ್ನ ಹೆಸರು ಬರುವ ಮೊದಲೇ ಹಗೆಯ ಉತಾರದಲ್ಲಿ ಬಂದಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪೆಂದರೇನು, ಅದನ್ನು ಏಕೆ ಹೊತ್ತಿದ್ದೇವೆ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳು ಕಾಡತೊಡಗಿದವು. ಮುಂದಿನ ಕೆಲವು ತಿಂಗಳು ಈ ಪ್ರಶ್ನೆಗಳನ್ನಿಟ್ಟುಕೊಂಡು ನಮ್ಮ ಆಚಾರ್ಯರ ಗ್ರಂಥಗಳನ್ನು ಮತ್ತೆ ಓದಿದೆ. ಓದಿ ಅರ್ಥವಾದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನೆನಪೂ ಒಂದು ಪ್ರಮಾಣ

ಭಾರತೀಯ ದರ್ಶನಗಳಲ್ಲಿ ನೆನಪಿಗೆ ಜೈನರು ನೀಡಿದ ಸ್ಥಾನ ವಿಶಿಷ್ಟವಾದುದು. ನೆನಪು ಹಿಂದೆ ತಿಳಿದದ್ದರ ಪುನರಾವರ್ತನೆಯಷ್ಟೆ, ಆದ್ದರಿಂದ ಅದು ಪ್ರಮಾಣವಾಗಲಾರದು ಎಂಬುದು ನೈಯಾಯಿಕರ ನಿಲುವು. ಜೈನ ತಾರ್ಕಿಕರು ಇದನ್ನು ಒಪ್ಪಲಿಲ್ಲ. ಅಕಲಂಕದೇವರು, ಅವರ ದಾರಿಯಲ್ಲಿ ನಡೆದ ಮಾಣಿಕ್ಯನಂದಿಗಳು ಪರೋಕ್ಷ ಪ್ರಮಾಣದಲ್ಲಿ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ ಐದನ್ನು ಹೇಳಿದರು. ಅವುಗಳಲ್ಲಿ ಮೊದಲನೆಯದೇ ಸ್ಮೃತಿ. ನೆನಪನ್ನು ನಂಬದಿದ್ದರೆ ಅನುಮಾನವೂ ನಿಲ್ಲದು, ಲೋಕವ್ಯವಹಾರವೂ ನಡೆಯದು ಎಂಬುದು ಅವರ ತರ್ಕದ ಸಾರ. ‘ಅವನು’ ಎಂದು ಹಿಂದಿನದನ್ನು ನೆನೆಯುವುದು ಸ್ಮೃತಿ. ಎದುರಿಗಿರುವವನನ್ನು ಕಂಡು ‘ಅವನೇ ಇವನು’ ಎಂದು ಗುರುತಿಸುವುದು ಪ್ರತ್ಯಭಿಜ್ಞಾನ. ಆ ಸಂಜೆ ನಮ್ಮ ಪಡಸಾಲೆಯಲ್ಲಿ ಇಲ್ಲದೆ ಹೋದದ್ದು ಈ ಎರಡನೆಯದು. ತಮ್ಮ ಎದುರಿಗಿದ್ದ, ‘ಅವನೇ ಇವನು’ ಎಂಬ ಅರಿವು ಇರಲಿಲ್ಲ.

ಮತಿಜ್ಞಾನವು ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ವಸ್ತುವೊಂದು ಇದೆಯೆಂಬ ಮೊದಲ ಗ್ರಹಿಕೆ, ಅದೇನೆಂದು ಅರಸುವ ಬಯಕೆ, ಇದೇ ಎಂಬ ನಿಶ್ಚಯ, ಆ ನಿಶ್ಚಯವನ್ನು ಕಾಲಾಂತರದಲ್ಲೂ ಮರೆಯದಂತೆ ಹಿಡಿದಿಡುವುದು. ಈ ಕೊನೆಯ ಧಾರಣೆಯೇ ನೆನಪಿನ ಬೀಜ. ಬಿತ್ತಿದ್ದು ಬೆಳೆಯುತ್ತದೆ. ಏನನ್ನು ಮತ್ತೆ ಮತ್ತೆ ಹಿಡಿದಿಡುತ್ತೇವೆಯೋ ಅದೇ ನಮ್ಮ ಸಂಸ್ಕಾರವಾಗುತ್ತದೆ. ಹೊತ್ತು ಮುಳುಗುವ ಮುನ್ನ ಉಣ್ಣಬೇಕೆಂಬುದನ್ನು ತಂದೆಯವರು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದಿನವೂ ಬಿತ್ತಿದ್ದರು. ಅದು ಕಾಯಿಲೆಗೂ ಅಳಿಯಲಿಲ್ಲ.

ಇಂಥ ಕಾಯಿಲೆಯನ್ನು ಪಾಪದ ಫಲವೆಂದು ಬೊಟ್ಟು ಮಾಡುವವರು ನಮ್ಮ ನಡುವೆ ಇದ್ದಾರೆ. ಅದು ಕ್ರೂರವಾದ ಮಾತು. ಜ್ಞಾನವು ಆತ್ಮದ ಸ್ವಭಾವ. ಮೋಡ ಕವಿದಾಗ ಸೂರ್ಯ ಮರೆಯಾಗುತ್ತಾನೆಯೇ ಹೊರತು ಇಲ್ಲವಾಗುವುದಿಲ್ಲ, ಹಾಗೆಯೇ ಜ್ಞಾನಕ್ಕೆ ಆವರಣ ಬರಬಹುದು, ನಾಶವಿಲ್ಲ ಎನ್ನುತ್ತದೆ ಆಗಮ. ಮರೆವಿನ ಹಿರಿಯರ ವಿಷಯದಲ್ಲಿ ನಮಗಿರುವ ಕರ್ತವ್ಯಗಳು ಎರಡು: ವೈದ್ಯರ ಆರೈಕೆ ಕೊಡಿಸುವುದು, ಆ ಆವರಣದ ಹಿಂದೆ ಪೂರ್ಣ ಆತ್ಮವೊಂದಿದೆ ಎಂಬ ಗೌರವದಿಂದ ನಡೆದುಕೊಳ್ಳುವುದು. ರೋಗಿಗಳ, ವೃದ್ಧರ ಸೇವೆಯಾದ ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಲಾಗಿದೆ. ಒಂದೇ ಪ್ರಶ್ನೆಗೆ ದಿನಕ್ಕೆ ಹತ್ತು ಬಾರಿ ಬೇಸರವಿಲ್ಲದೆ ಉತ್ತರಿಸುವುದು ಸಣ್ಣ ತಪಸ್ಸಲ್ಲ.

ಕೋಪದ ಆಯುಷ್ಯ

ನೆನಪು ಪ್ರಮಾಣವಾದರೆ ಹಗೆಯ ನೆನಪು? ಇದಕ್ಕೆ ಉತ್ತರ ದೊರಕಿದ್ದು ‘ಗೊಮ್ಮಟಸಾರ’ದಲ್ಲಿ. ಚಾವುಂಡರಾಯನ ಕಾಲದ, ಅಂದರೆ 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಕ್ರೋಧದ ತೀವ್ರತೆಯನ್ನು ನಾಲ್ಕು ಗೆರೆಗಳ ಹೋಲಿಕೆಯಿಂದ ತಿಳಿಸಿದ್ದಾರೆ. ಒಂದು ಕಲ್ಲಿನ ಮೇಲಿನ ಗೆರೆ; ಅದು ಸುಲಭಕ್ಕೆ ಅಳಿಯದು. ಎರಡನೆಯದು ನೆಲದ ಬಿರುಕು. ಮಳೆ ಬಂದಾಗ ಕೂಡಿಕೊಳ್ಳುತ್ತದೆ. ಮೂರನೆಯದು ಧೂಳಿನಲ್ಲಿ ಎಳೆದ ಗೆರೆ. ಗಾಳಿ ಬೀಸಿದರೆ ಹೋಗುತ್ತದೆ. ನಾಲ್ಕನೆಯದು ನೀರಿನ ಮೇಲಿನ ಗೆರೆ, ಎಳೆಯುತ್ತಿರುವಾಗಲೇ ಅಳಿಯುತ್ತದೆ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಗ್ರಂಥ ಹೇಳುವ ವಾಸನಾಕಾಲದ ವಿಚಾರ. ಕೋಪ ಉಕ್ಕಿ ಇಳಿದ ಮೇಲೂ ಅದರ ಸಂಸ್ಕಾರ ಒಳಗೆ ಉಳಿದಿರುತ್ತದೆ. ಹೂವನ್ನು ತೆಗೆದ ಮೇಲೂ ಬುಟ್ಟಿಯಲ್ಲಿ ವಾಸನೆ ಉಳಿಯುವಂತೆ. ಆ ವಾಸನೆ ಎಷ್ಟು ಕಾಲ ಉಳಿಯುತ್ತದೆ ಎಂಬುದರ ಮೇಲೆ ಕಷಾಯದ ದರ್ಜೆ ತಿಳಿಯುತ್ತದೆ. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ, ಅಂದರೆ 48 ನಿಮಿಷಗಳೊಳಗೆ ಆರುತ್ತದೆ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಆರು ತಿಂಗಳನ್ನೂ ಮೀರಿ ಉಳಿದದ್ದು ಅನಂತಾನುಬಂಧಿ. ಅದು ಸಂಖ್ಯಾತ, ಅಸಂಖ್ಯಾತ, ಅನಂತ ಭವಗಳವರೆಗೂ ಹಿಂಬಾಲಿಸಬಲ್ಲದು. ಮೊದಲಿನ ಮೂರು ಚಾರಿತ್ರದ ಒಂದೊಂದು ಹಂತಕ್ಕೆ ಅಡ್ಡಿಯಾದರೆ, ಈ ನಾಲ್ಕನೆಯದು ಸಮ್ಯಕ್ತ್ವವನ್ನೇ ಘಾತಿಸುತ್ತದೆ.

ಇದನ್ನು ಓದಿದಾಗ ಪುಸ್ತಕ ಮುಚ್ಚಿ ಕುಳಿತೆ. ನಮ್ಮ ಮನೆಯಲ್ಲಿ ನಿತ್ಯಪೂಜೆ ತಪ್ಪಿರಲಿಲ್ಲ. ಅಷ್ಟಮಿ, ಚತುರ್ದಶಿಗಳ ನಿಯಮ ತಪ್ಪಿರಲಿಲ್ಲ. ಗಡ್ಡೆಗೆಣಸು ಅಡುಗೆಮನೆಗೆ ಬಂದಿರಲಿಲ್ಲ. ನೀರನ್ನು ಸೋಸದೆ ಕುಡಿದದ್ದಿಲ್ಲ. ಕಣ್ಣಿಗೆ ಕಾಣದ ಜೀವಿಗೆ ನೋವಾಗಬಾರದೆಂದು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದೆವು. ಅದೇ ಬಾವಿಯ ನೀರಿಗಾಗಿ ಒಡಹುಟ್ಟಿದವನ ಮುಖ ನೋಡದೆ 22 ವರ್ಷ ಕಳೆದೆವು. ಆರು ತಿಂಗಳ ಗಡಿಯನ್ನು ದಾಟಿ ಎಷ್ಟೋ ಕಾಲವಾಗಿತ್ತು.

ನಮ್ಮ ಪ್ರತಿಕ್ರಮಣದ ವ್ಯವಸ್ಥೆಯನ್ನು ಈ ಗಡಿಗಳ ಬೆಳಕಿನಲ್ಲಿ ನೋಡಿದರೆ ಅದರ ಅರ್ಥ ಹೊಳೆಯುತ್ತದೆ. ಹಗಲಿನ ದೋಷಕ್ಕೆ ದೈವಸಿಕ, ಇರುಳಿನದಕ್ಕೆ ರಾತ್ರಿಕ, ಹದಿನೈದು ದಿನಕ್ಕೆ ಪಾಕ್ಷಿಕ, ನಾಲ್ಕು ತಿಂಗಳಿಗೆ ಚಾತುರ್ಮಾಸಿಕ, ವರ್ಷಕ್ಕೆ ಸಾಂವತ್ಸರಿಕ. ಬಾಳಿನ ಕೊನೆಗೆ ಉತ್ತಮಾರ್ಥ ಪ್ರತಿಕ್ರಮಣ. ಪ್ರತಿಕ್ರಮಣವೆಂದರೆ ಹಿಂದಿರುಗುವುದು. ಅದು ಮರೆವಿನ ಅಭ್ಯಾಸವಲ್ಲ, ನೆನಪಿನ ಅಭ್ಯಾಸ. ನಡೆದುದನ್ನು ಒಂದೊಂದಾಗಿ ನೆನೆದು, ನನ್ನ ಪಾಲಿನ ದೋಷವನ್ನು ಗುರುತಿಸಿ, ಅದು ಗಟ್ಟಿಯಾಗುವ ಮುನ್ನ ತೊಳೆದುಕೊಳ್ಳುವುದು. ಇಲ್ಲಿ ನೆನೆಯುವುದು ನನ್ನ ತಪ್ಪನ್ನು. ಹಗೆ ನೆನೆಯುವುದು ಇನ್ನೊಬ್ಬನ ತಪ್ಪನ್ನು. ಎರಡಕ್ಕೂ ಇರುವ ಅಂತರ ಇಷ್ಟೇ.

ಕಮಠನ ಕೈಯ ಕಲ್ಲು

ಪಾರ್ಶ್ವನಾಥ ತೀರ್ಥಂಕರರ ಭವಾವಳಿಯನ್ನು ಗುಣಭದ್ರಾಚಾರ್ಯರ ‘ಉತ್ತರಪುರಾಣ’ ಹೇಳಿದೆ; ಕನ್ನಡದಲ್ಲಿ ಪಾರ್ಶ್ವಪಂಡಿತ ಹೇಳಿದ್ದಾನೆ. ಅದೂ ಅಣ್ಣ ತಮ್ಮಂದಿರ ಕಥೆಯೇ. ಪೌದನಪುರದ ಅರವಿಂದ ರಾಜನ ಮಂತ್ರಿ ವಿಶ್ವಭೂತಿಗೆ ಕಮಠ, ಮರುಭೂತಿ ಎಂಬ ಇಬ್ಬರು ಮಕ್ಕಳು. ತಮ್ಮನ ಹೆಂಡತಿಯ ವಿಷಯದಲ್ಲಿ ಅಪರಾಧವೆಸಗಿದ ಕಮಠನನ್ನು ರಾಜ ಗಡೀಪಾರು ಮಾಡಿದ. ಕಮಠ ತಾಪಸರನ್ನು ಸೇರಿ, ಕಲ್ಲೊಂದನ್ನು ಎತ್ತಿ ಹಿಡಿದು ತಪಸ್ಸು ಮಾಡತೊಡಗಿದ. ಅನ್ಯಾಯಕ್ಕೆ ಒಳಗಾದವನು ಮರುಭೂತಿ. ಆದರೂ ಅಣ್ಣನ ಅವಸ್ಥೆಗೆ ಮರುಗಿ ಅವನೇ ಅರಸಿಕೊಂಡು ಹೋಗಿ, ಕಾಲಿಗೆರಗಿ ಕ್ಷಮೆ ಬೇಡಿದ. ಕಮಠ ಎತ್ತಿ ಹಿಡಿದಿದ್ದ ಕಲ್ಲನ್ನು ತಮ್ಮನ ತಲೆಯ ಮೇಲೆ ಹಾಕಿದ.

ತಪಸ್ಸಿಗೆಂದು ಎತ್ತಿದ ಕಲ್ಲೇ ಕೊಲೆಗೂ ಒದಗಿತು. ವ್ರತವೂ ಹಗೆಯೂ ಒಂದೇ ಕೈಯಲ್ಲಿ ಇರಬಲ್ಲವು ಎಂಬುದನ್ನು ಪುರಾಣಕಾರರು ಎಷ್ಟು ನಿಷ್ಠುರವಾಗಿ ತೋರಿಸಿದ್ದಾರೆ! ಆ ಹಗೆ ಹತ್ತು ಭವಗಳವರೆಗೆ ಹರಿಯಿತು. ಆರ್ತಧ್ಯಾನದಿಂದ ಸತ್ತ ಮರುಭೂತಿ ವಜ್ರಘೋಷವೆಂಬ ಆನೆಯಾಗಿ ಹುಟ್ಟಿದ. ಮುನಿಯಾಗಿದ್ದ ಅರವಿಂದನನ್ನು ಕಾಡಿನಲ್ಲಿ ಕಂಡಾಗ ಅದಕ್ಕೆ ಪೂರ್ವಜನ್ಮದ ಸ್ಮರಣೆಯಾಯಿತು. ವ್ರತವನ್ನು ಹಿಡಿದು ಶಾಂತವಾಯಿತು. ಅದೇ ಕಾಡಿನಲ್ಲಿ ಕಮಠ ಸರ್ಪವಾಗಿ ಹುಟ್ಟಿ ಆನೆಯನ್ನು ಕಚ್ಚಿ ಕೊಂದ. ಇಬ್ಬರಲ್ಲೂ ಹಿಂದಿನ ಭವ ಉಳಿದುಬಂದಿತ್ತು. ಒಬ್ಬನಲ್ಲಿ ಅದು ಜಾತಿಸ್ಮರಣೆಯಾಗಿ ದಾರಿ ತೋರಿತು. ಇನ್ನೊಬ್ಬನಲ್ಲಿ ವಾಸನೆಯಾಗಿ ವಿಷವಾಯಿತು.

ಕೊನೆಯ ಭವದಲ್ಲಿ ಧ್ಯಾನಸ್ಥನಾದ ಪಾರ್ಶ್ವನ ಮೇಲೆ ಕಮಠನ ಜೀವ ಶಂಬರನೆಂಬ ದೇವನಾಗಿ ಉಪಸರ್ಗ ಮಾಡಿದಾಗ ಧರಣೇಂದ್ರ, ಪದ್ಮಾವತಿಯರು ಕಾದರು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಐಹೊಳೆಯ ಜೈನ ಗುಹೆಯಲ್ಲಿಯೂ ಹೆಡೆಯ ನೆರಳಿನಲ್ಲಿ ನಿಂತ ಪಾರ್ಶ್ವನನ್ನು ಇಂದಿಗೂ ನೋಡಬಹುದು. ಕಾದವರ ಮೇಲೆ ಒಲವಿಲ್ಲ, ಕಾಡಿದವನ ಮೇಲೆ ಮುನಿಸಿಲ್ಲ; ಪಾರ್ಶ್ವನಿಗೆ ಕೇವಲಜ್ಞಾನವಾಯಿತು. ಶಂಬರನೂ ಶಾಂತನಾಗಿ ಸಮ್ಯಕ್ತ್ವವನ್ನು ಪಡೆದ ಎನ್ನುತ್ತದೆ ಉತ್ತರಪುರಾಣ. ಹತ್ತು ಭವಗಳ ಹಗೆಗೂ ಒಂದು ಕೊನೆಯಿದೆ ಎಂಬ ಭರವಸೆ ಅದರಲ್ಲಿದೆ.

ಕಲ್ಲಿನಲ್ಲಿ ಏನನ್ನು ಕೆತ್ತಬೇಕು?

ಹಾಗಾದರೆ ಕಲ್ಲಿನ ಮೇಲಿನ ಗೆರೆ ಕೆಟ್ಟದ್ದೇ? ಅಲ್ಲ. ನಮ್ಮ ಪೂರ್ವಿಕರು ಕಲ್ಲನ್ನು ಬೇರೊಂದು ಕೆಲಸಕ್ಕೆ ಬಳಸಿದ್ದರು. ಶ್ರವಣಬೆಳಗೊಳದ ಶಾಸನಗಳು 500ಕ್ಕೂ ಹೆಚ್ಚು. ಚಿಕ್ಕಬೆಟ್ಟದ ಬರಿಯ ಬಂಡೆಯ ಮೇಲೆ ಸುಮಾರು 600ನೆಯ ಇಸವಿಯಿಂದಲೇ ಕೆತ್ತಿದ ಗೆರೆಗಳಿವೆ. ಅವುಗಳಲ್ಲಿ ಬಹಳಷ್ಟು, ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮುನಿಗಳ, ಆರ್ಯಿಕೆಯರ, ಶ್ರಾವಕ ಶ್ರಾವಿಕೆಯರ ಸ್ಮರಣೆ. ಸಾಧನೆ ಮರೆಯಬಾರದು ಎಂದಾಗ ಅವರು ಉಳಿ ಹಿಡಿದರು. ಶಾಸ್ತ್ರ ಅಳಿಯಬಾರದು ಎಂದಾಗ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮೂಡುಬಿದಿರೆಯ ಬಸದಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡದೆ ಇದ್ದಿದ್ದರೆ ಅವು ಇಂದು ನಮಗೆ ದಕ್ಕುತ್ತಿರಲಿಲ್ಲ.

ಜಗಳಗಳು ಆಗಲೂ ಇದ್ದವು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನ ಇದಕ್ಕೆ ಸಾಕ್ಷಿ. ಜೈನರಿಗೂ ಶ್ರೀವೈಷ್ಣವರಿಗೂ ಕಲಹವಾದಾಗ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದ. ಜೈನರ ಮನೆಗಳಿಂದ ಕೂಡಿದ ಹಣದಲ್ಲಿ ಬೆಳಗೊಳದ ದೇವರಿಗೆ ಕಾವಲುಗಾರರನ್ನು ನೇಮಿಸುವ, ಜೀರ್ಣ ಬಸದಿಗಳನ್ನು ಸರಿಪಡಿಸುವ ಹೊಣೆ ಶ್ರೀವೈಷ್ಣವ ಮುಖಂಡರಿಗೇ ಬಂತು. ಈ ಶಾಸನ ಕಲಹವನ್ನು ಮುಚ್ಚಿಡುವುದಿಲ್ಲ; ಅದು ನಡೆಯಿತು ಎಂದೇ ಹೇಳುತ್ತದೆ. ಆದರೆ ಯಾರು ಯಾರನ್ನು ಎಷ್ಟು ನೋಯಿಸಿದರು ಎಂಬ ಲೆಕ್ಕವನ್ನು ಅದು ಕೆತ್ತಲಿಲ್ಲ. ಕೂಡಿಸಿದ ಕೈಗಳನ್ನು ಕೆತ್ತಿತು. ಮುಂದಿನವರು ನೆನೆಯಬೇಕಾದದ್ದು ಇದು ಎಂದು ಅಂದಿನವರು ಆರಿಸಿದರು. ಸಂಸ್ಕೃತಿ ಎಂಬುದು ಬಹುಮಟ್ಟಿಗೆ ಈ ಆಯ್ಕೆಯೇ.

ನಮ್ಮ ಕಾಲ ಈ ಆಯ್ಕೆಯನ್ನು ತಲೆಕೆಳಗು ಮಾಡಿದಂತೆ ಕಾಣುತ್ತದೆ. ಅಜ್ಜಿ ಹೇಳುತ್ತಿದ್ದ ನೋಂಪಿಯ ಕಥೆಗಳು, ಬಸದಿಯ ಗೋಡೆಯ ಶಾಸನದ ಅರ್ಥ, ಮುತ್ತಜ್ಜನ ಹೆಸರು ಇವು ಧೂಳಿನ ಗೆರೆಗಳಂತೆ ಹಾರಿಹೋಗುತ್ತಿವೆ. ಆದರೆ ಹತ್ತು ವರ್ಷದ ಹಿಂದೆ ಯಾರೋ ಮುನಿಸಿನಲ್ಲಿ ಬರೆದ ನಾಲ್ಕು ಸಾಲು ಮೊಬೈಲಿನಲ್ಲಿ ಚಿತ್ರವಾಗಿ ಭದ್ರವಾಗಿರುತ್ತದೆ. ಬೇಕಾದಾಗ ಎತ್ತಿ ತೋರಿಸಬಹುದು. ಹಿಂದೆ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ಕಾಲವೇ ಅರ್ಧ ಪ್ರತಿಕ್ರಮಣವನ್ನು ಮಾಡಿಸುತ್ತಿತ್ತು. ಈಗ ಯಂತ್ರ ಮರೆಯುವುದಿಲ್ಲ, ನಮ್ಮನ್ನು ಮರೆಯಲು ಬಿಡುವುದೂ ಇಲ್ಲ. ಊರಿಗೆ ಊರು, ಸಮುದಾಯಕ್ಕೆ ಸಮುದಾಯ ಶತಮಾನಗಳ ಹಿಂದಿನ ಗಾಯವನ್ನು ಕೆದಕಿ, ಇಂದಿನ ನೆರೆಮನೆಯವನಿಂದ ಅದರ ಲೆಕ್ಕ ಕೇಳುವುದನ್ನೂ ಕಾಣುತ್ತಿದ್ದೇವೆ. ಇತಿಹಾಸವನ್ನು ಓದಬೇಕು, ಮುಚ್ಚಿಡಬಾರದು. ಆದರೆ ನಾನು ಕಂಡಿರದ ಜಗಳದ ಕೋಪವನ್ನು ನನ್ನದೆಂದು ಹೊರುವುದು ಇತಿಹಾಸದ ಅರಿವಲ್ಲ. ಅದು ಕಮಠನ ಕಲ್ಲು. ನಾನು ಅದನ್ನು ಹೊತ್ತವನಾದ್ದರಿಂದ ಅದರ ಭಾರವನ್ನು ಬಲ್ಲೆ.

ಕ್ಷಮಾವಣಿಯೂ ಇಂದು ಹಗುರವಾಗಿದೆ. ಹೂವಿನ ಚಿತ್ರದ ಮೇಲೆ ‘ಉತ್ತಮ ಕ್ಷಮಾ’ ಎಂದು ಬರೆದ ಸಂದೇಶವನ್ನು ಒಂದೇ ಬಾರಿಗೆ ಇನ್ನೂರು ಜನರಿಗೆ ವಾಟ್ಸಾಪ್‌ನಲ್ಲಿ ಕಳುಹಿಸುತ್ತೇವೆ. ನಾನೂ ಕಳುಹಿಸುತ್ತಿದ್ದೆ. ಆ ಇನ್ನೂರರಲ್ಲಿ ಕಾಕಾ ಅವರ ಹೆಸರು ಇರಲಿಲ್ಲ. ಯಾರಲ್ಲಿ ಕ್ಷಮೆ ಕೇಳಬೇಕಿದೆಯೋ ಅವರೊಬ್ಬರನ್ನು ಬಿಟ್ಟು ಲೋಕದ ಎಲ್ಲರಲ್ಲಿಯೂ ಕೇಳುವುದು ಸುಲಭ.

ಎರಡು ನೆನಪು, ಒಂದು ಬಾವಿ

ಮರುದಿನ ಬೆಳಿಗ್ಗೆ ನಾನು ಓಣಿ ದಾಟಿದೆ. ಹೇಳಬೇಕೆಂದು ಜೋಡಿಸಿಕೊಂಡ ಮಾತುಗಳು ಬಾಯಿಗೆ ಬರಲಿಲ್ಲ. ‘ನಿನ್ನೆ ನೀವು ಬಂದಾಗ ನಾನು ಎದ್ದು ನಿಲ್ಲಲಿಲ್ಲ, ತಪ್ಪಾಯಿತು’ ಎಂದಷ್ಟೇ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಬೇಸಿಗೆಯ ಕಥೆಯನ್ನು ತಮ್ಮ ಕಡೆಯಿಂದ ಹೇಳಿದರು. ಅವರು ಹೇಳಿದ ಕಥೆಯಲ್ಲಿ ಸರದಿ ತಪ್ಪಿಸಿದವರು ತಂದೆಯವರು. ನಾನು ಕೇಳಿ ಬೆಳೆದ ಕಥೆಯಲ್ಲಿ ಕಾಕಾ. ತಾಯಿಯ ಹೆಸರನ್ನು ಮೊದಲು ಎಳೆದವರು ಯಾರು ಎಂಬುದರಲ್ಲಿಯೂ ಹಾಗೆಯೇ. ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ತಂದೆಯವರೂ ಸುಳ್ಳು ಹೇಳುವವರಲ್ಲ.

ಅನೇಕಾಂತವನ್ನು ಕುರುಡರೂ ಆನೆಯೂ ಎಂಬ ದೃಷ್ಟಾಂತದಿಂದ ಎಷ್ಟೋ ಬಾರಿ ಇತರರಿಗೆ ವಿವರಿಸಿದ್ದೇನೆ. ಅದು ಅರ್ಥವಾದದ್ದು ಆ ಬೆಳಿಗ್ಗೆ. ನೆನಪು ಪ್ರಮಾಣವಾಗಬಲ್ಲದು, ನಿಜ. ಆದರೆ ಅದಕ್ಕೂ ಸ್ಮೃತ್ಯಾಭಾಸವೆಂಬ ದೋಷವುಂಟು, ಒಂದನ್ನು ಇನ್ನೊಂದಾಗಿ ನೆನೆಯುವುದುಂಟು ಎಂದು ತರ್ಕಗ್ರಂಥಗಳು ಎಚ್ಚರಿಸಿವೆ. ಕಷಾಯ ಬೆರೆತ ನೆನಪು ಪ್ರತಿಸಲ ನೆನೆದಾಗಲೂ ಸ್ವಲ್ಪ ಬದಲಾಗುತ್ತದೆ. ನಮ್ಮ ಪಾಲಿನ ತಪ್ಪು ತೆಳುವಾಗುತ್ತ, ಎದುರಿನವರದು ದಪ್ಪವಾಗುತ್ತ ಹೋಗುತ್ತದೆ. 22 ವರ್ಷಗಳಲ್ಲಿ ಎರಡು ಮನೆಗಳಲ್ಲಿ ಎರಡು ಬಾವಿಗಳು ತೋಡಲ್ಪಟ್ಟಿದ್ದವು. ನಿಜವಾದ ಬಾವಿ ಒಣಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಎಲ್ಲ ನೋವೂ ಸರದಿ ತಪ್ಪಿದ ನೀರಿನಂಥದಲ್ಲ. ಹಿಂಸೆಗೆ, ಅವಮಾನಕ್ಕೆ, ವಂಚನೆಗೆ ಒಳಗಾದವರಿಗೆ ‘ಮರೆತುಬಿಡಿ, ಕ್ಷಮಿಸಿ’ ಎಂದು ದೂರದಲ್ಲಿ ನಿಂತು ಹೇಳುವುದು ಧರ್ಮವಲ್ಲ. ಗೃಹಸ್ಥನು ಅನ್ಯಾಯವನ್ನು ತಡೆಯಬಾರದೆಂದು ನಮ್ಮ ಆಚಾರ್ಯರು ಎಲ್ಲಿಯೂ ಹೇಳಲಿಲ್ಲ. ನ್ಯಾಯ ಕೇಳುವುದು ಬೇರೆ, ವಾಸನೆಯನ್ನು ಸಾಕುವುದು ಬೇರೆ. ನ್ಯಾಯಾಲಯಕ್ಕೆ ಹೋಗಿ ಬಂದ ಮೇಲೂ ಕೋಪವಿಲ್ಲದೆ ಇರಬಹುದು. ನ್ಯಾಯಾಲಯಕ್ಕೆ ಹೋಗದೆಯೂ ಬದುಕಿಡೀ ಉರಿಯಬಹುದು. ಉತ್ತಮ ಕ್ಷಮೆ ಮೊದಲು ರಕ್ಷಿಸುವುದು ಕ್ಷಮಿಸಿದವನ ಆತ್ಮವನ್ನು. ಅದನ್ನು ಯಾರೂ ಯಾರಿಂದಲೂ ಬಲವಂತವಾಗಿ ಪಡೆಯಲಾಗದು.

ನಾವು ದಾವೆಯನ್ನು ಹಿಂದಕ್ಕೆ ಪಡೆದೆವು. ಅದು ಕಷ್ಟವಾಗಲಿಲ್ಲ, ಎರಡು ಸಹಿಗಳಲ್ಲಿ ಮುಗಿಯಿತು. ಕಷ್ಟವಾದದ್ದು, ಆಗಬಹುದಾಗಿದ್ದ ಒಂದು ಸಂಗತಿ ಇನ್ನೆಂದೂ ಆಗದು ಎಂಬುದನ್ನು ಒಪ್ಪಿಕೊಳ್ಳುವುದು. ಕಾಕಾ ಬೇಡಿದ ಕ್ಷಮೆಯನ್ನು ಕೊಡಬೇಕಾದವರು ತಂದೆಯವರು. ಮರೆವು ಕ್ಷಮೆಯಲ್ಲ. ನೆನಪಿದ್ದೂ ಬಿಟ್ಟುಕೊಡುವುದು ಕ್ಷಮೆ. ಅದಕ್ಕೆ ನೆನಪು ಬೇಕು. ಐದು ವರ್ಷ ಹಿಂದೆ ಇಬ್ಬರಲ್ಲಿ ಒಬ್ಬರು ಓಣಿ ದಾಟಿದ್ದರೆ ಅದು ಸಾಧ್ಯವಿತ್ತು. ನಾನು ಅವರ ಕೈಹಿಡಿದು ದಾಟಿಸಿದ್ದರೂ ಸಾಧ್ಯವಿತ್ತು. ನನ್ನ ಪ್ರತಿಕ್ರಮಣದಲ್ಲಿ ದಿನವೂ ಬರುವ ದೋಷ ಈಗ ಅದು.

ಆದ್ದರಿಂದ ಈ ಅಂಕಣದ ಓದುಗರಲ್ಲಿ ನನ್ನದೊಂದು ವಿನಂತಿ. ಮುಂದಿನ ಪರ್ವದವರೆಗೆ ಕಾಯಬೇಡಿ. ನಿಮ್ಮ ಮನಸ್ಸಿನಲ್ಲಿ ಆರು ತಿಂಗಳ ಗಡಿ ದಾಟಿದ ಹೆಸರು ಯಾವುದಾದರೂ ಇದೆಯೇ ಎಂದು ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ನೋಡಿಕೊಳ್ಳಿ. ಇದ್ದರೆ ಸಂದೇಶ ಕಳುಹಿಸಬೇಡಿ. ಸಾಧ್ಯವಾದರೆ ನಡೆದುಕೊಂಡು ಹೋಗಿ. ಅವರು ಒಪ್ಪದಿರಬಹುದು. ಕೇಳುವುದಷ್ಟೇ ನಿಮ್ಮ ಪಾಲಿನದು. ಮಕ್ಕಳಿಗೆ ಮನೆತನದ ಕಥೆಗಳನ್ನು ಹೇಳುವಾಗ ಯಾರು ನಮ್ಮನ್ನು ನೋಯಿಸಿದರು ಎಂಬುದಕ್ಕಿಂತ ಯಾರು ನಮ್ಮನ್ನು ಕಾದರು ಎಂಬುದನ್ನು ಮೊದಲು ಹೇಳಿ. ಅವರ ಧಾರಣೆಯಲ್ಲಿ ಏನು ಉಳಿಯಬೇಕೆಂಬುದು ಬಹಳಮಟ್ಟಿಗೆ ನಮ್ಮ ಕೈಯಲ್ಲಿದೆ.

ಈಗ ಕಾಕಾ ದಿನವೂ ಇಳಿಹೊತ್ತಿಗೆ ನಮ್ಮ ಮನೆಗೆ ಬರುತ್ತಾರೆ. ಅಣ್ಣನ ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ ಹೇಳುತ್ತಾರೆ. ತಂದೆಯವರು ದಿನವೂ ‘ಯಾರು?’ ಎಂದು ಕೇಳುತ್ತಾರೆ. ‘ನಿನ್ನ ತಮ್ಮ’ ಎಂದು ಕಾಕಾ ದಿನವೂ ಹೇಳುತ್ತಾರೆ. ಆ ಉತ್ತರ ನೀರಿನ ಮೇಲಿನ ಗೆರೆಯಂತೆ ಆಗಲೇ ಅಳಿಯುತ್ತದೆ. ಮರುದಿನ ಅವರು ಮತ್ತೆ ಬಂದು ಮತ್ತೆ ಹೇಳುತ್ತಾರೆ. ಆಮೇಲೆ ಹೊತ್ತು ಮುಳುಗುವ ಮುನ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ.